ಅಪ್ಪನ ಹಿಟ್ಟು

ಪುಣೆಯ ಕೊಂಢವಾದಲ್ಲಿ ಹೋಟೆಲು ನಡೆಸುವ ಸುಂದರ ಶೆಟ್ಟರಿಗೆ ಸಿಟ್ಟು ಬರಿಸಲು ಒಂದು ಸೌಟು ದೋಸೆಹಿಟ್ಟು ಕೇಳಿದರೆ ಸಾಕಿತ್ತು. ಪಿಂಪ್ರಿಯಲ್ಲಿ ಹೋಟೆಲಿಟ್ಟ ಸ್ವಂತ ತಮ್ಮ ಲತೇಶನಿಗೂ ಕೊಟ್ಟವರಲ್ಲ. ಅವರಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲು ತೆರೆದ ದಿನದಿಂದ, ಹಳೆಯ ಹಿಟ್ಟು ಒಂದು ಸೌಟು ಸ್ಟೀಲ್ ಡಬ್ಬಿಯಲ್ಲಿ ಉಳಿಸಿ ಹೊಸದಕ್ಕೆ ಬೆರೆಸುವ ಪದ್ಧತಿ. ಮೂವತ್ತೆಂಟು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಅಪ್ಪ ತೀರಿಕೊಂಡ ಮೇಲಂತೂ ಆ ಸ್ಟೀಲ್ ಡಬ್ಬಿಗೆ ಊದುಬತ್ತಿ ಬೆಳಗುವುದೊಂದು ಬಾಕಿ.

ಕಳೆದ ಮೇ ತಿಂಗಳಲ್ಲಿ ಆ ಡಬ್ಬಿಯನ್ನು ತೊಳೆದು ಕವುಚಿಟ್ಟವರು ಬೇರೆ ಯಾರೂ ಅಲ್ಲ, ಶೆಟ್ಟರೇ. ಮಗಳು ತೃಪ್ತಿಯ ನಿಶ್ಚಿತಾರ್ಥದ ಗಡಿಬಿಡಿಯಲ್ಲಿ ಒಳಗೆ ಹಿಟ್ಟಿದ್ದುದೇ ಮರೆತುಹೋಗಿತ್ತು. "ಅಪ್ಪ ಇವತ್ತು ಪೂರಾ ಹೋದ್ರು ಮಾರಾಯ್ತಿ" ಎಂದು ಹೆಂಡತಿ ಉಮಾವತಿಯ ಮುಂದೆ ಅತ್ತೇಬಿಟ್ಟರಂತೆ. ಆಕೆ ಸುಮ್ಮನೆ ಅಕ್ಕಿ, ಉದ್ದು ರುಬ್ಬಿ ಮುಚ್ಚಿಟ್ಟರು. ಪುಣೆಯ ಸೆಖೆಗೆ ಹಿಟ್ಟು ತಾನಾಗಿಯೇ ಉಬ್ಬಿತು.

ಮರುದಿನ ಶೆಟ್ಟರು ಗಿರಾಕಿಗಳ ಮುಖವನ್ನೇ ನೋಡುತ್ತ ಕೂತರು. ನಾವು ದಿನದ ಗಿರಾಕಿಗಳು ಎಂದಿನಂತೆ ತಿಂದೆವು, ಇನ್ನಷ್ಟು ಚಟ್ನಿ ಕೇಳಿದೆವು, ಎದ್ದೆವು. ಯಾರೂ ತಕರಾರು ಮಾಡಲಿಲ್ಲ ಎನ್ನುವುದೇ ಅವರಿಗೆ ದೊಡ್ಡ ಅವಮಾನವಾಯಿತು. ಕೊನೆಗೆ ತಡೆಯಲಾರದೆ, ಇದು ಅಪ್ಪನ ಹಿಟ್ಟಲ್ಲ ಎಂದು ಮಧುಕರರ ಬಳಿ ಬಾಯಿಬಿಟ್ಟರು.

ಮಧುಕರರು ಸೊಲ್ಲಾಪುರದವರು. ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಭಾನುವಾರ ಬುದ್ಧವಿಹಾರ ತಪ್ಪಿಸದವರು. ಶೆಟ್ಟರ ಅಪ್ಪನ ಕಾಲದಿಂದಲೂ ಅವರಿಗೆ ಅದೇ ಮೂಲೆ ಟೇಬಲ್ಲು. ಒಂದೊಂದಾಗಿ ಕೇಳತೊಡಗಿದರು. ಅಕ್ಕಿ ಆಗಿನದೇ? ಅಲ್ಲ. ನೀರು? ಅಲ್ಲ. ಗ್ರೈಂಡರು? ಮೂರು ಸಲ ಬದಲಾಗಿದೆ. ತೊಳೆದುಹೋದ ಹಿಟ್ಟಿನಲ್ಲಿ ಅಪ್ಪ ರುಬ್ಬಿದ ಒಂದು ಕಾಳಾದರೂ ಇತ್ತೇ?

"ಹಂಗಾರ ನೀವು ಕಾಯ್ದಿದ್ದು ಏನ್ರಿ? ಬುದ್ಧ ಹೇಳಿದ್ದೂ ಇದನ್ನ. ಒಳಗ ಬದಲಾಗದ 'ನಾನು' ಅಂತ ಒಂದು ಕುಂತಿಲ್ಲ. ಇವತ್ತಿಂದು ನಾಳಿದಕ್ಕ ಕಾರಣ ಆಗ್ತದ, ಅಷ್ಟ."

ಶೆಟ್ಟರು ಕೆರಳಿದರು. "ಹಾಗಾದ್ರೆ ಅಪ್ಪನದ್ದು ಅಂತ ಏನೂ ಉಳಿಲಿಲ್ವಾ?"

"ನಿಮ್ಮಪ್ಪ ಕೇಳಿದವರಿಗೆಲ್ಲ ಒಂದೊಂದು ಸೌಟು ಕೊಡ್ತಿದ್ರು. ನನ್ನ ಮನ್ಯಾಗ ದೋಸೆ ಶುರುವಾಗಿದ್ದು ಅವರು ಕೊಟ್ಟ ಹಿಟ್ಟಿಂದ. ನೀವು ಡಬ್ಬಿ ಕಾಯ್ದ್ರಿ, ಕೊಡೂದು ಬಿಟ್ರಿ."

ಶೆಟ್ಟರು ಫೋನ್ ತೆಗೆದು, ಸಂಜೆ ಒಂದು ಡಬ್ಬಿ ತಗೊಂಡು ಬಾ ಎಂದು ಲತೇಶನಿಗೆ ಹೇಳಿದರು. ಆ ಕಡೆ ತಮ್ಮ ನಂಬದೆ ಎರಡು ಸಲ ಕೇಳಿದನಂತೆ.

ಈಗ ಸಂಜೆ ಯಾರು ಪಾತ್ರೆ ತಂದರೂ ಒಂದು ಸೌಟು ಸಿಗುತ್ತದೆ. ಮೊನ್ನೆ ನಾನೂ ಹೋಗಿದ್ದೆ. ಇದು ಯಾರ ಹಿಟ್ಟು ಶೆಟ್ಟರೇ ಎಂದು ಬೇಕೆಂದೇ ಕೆಣಕಿದೆ.

ಅವರು ಸೌಟು ತುಂಬಾ ಸುರಿದು ನಕ್ಕರು. "ನಿನ್ನೆಯದು."