ಕೆಂಪು ಶಾಲಿನವಳು ಹತ್ತಬೇಕಿದ್ದ ದೋಣಿ

ಆಟದ ಪಾರ್ಕು ಕಟ್ಟುವ ಆ ಕಂಪನಿಯಲ್ಲಿ ಅವನನ್ನು ಎಲ್ಲರೂ ಕನಸುಗಾರ ಎಂದೇ ಕರೆಯುತ್ತಿದ್ದರು. ಹೊಗಳಿಕೆ ಎಂದುಕೊಳ್ಳಬೇಡಿ. ಲೆಕ್ಕಕ್ಕಿಲ್ಲದವನು ಎಂಬುದನ್ನು ಮರ್ಯಾದೆಯಾಗಿ ಹೇಳುವ ಬಗೆ ಅದು. ಜನ ಹತ್ತಿ ಕೂತು ಸುತ್ತಾಡುವ ಹೊಸ ಸವಾರಿ ಕಟ್ಟುವ ಮೊದಲು ಅದು ಹೇಗಿರುತ್ತದೆಂದು ಬಣ್ಣದಲ್ಲಿ ಬರೆದು ತೋರಿಸುವುದು ಅವನ ಕೆಲಸ. ಚಿತ್ರ ನೋಡಿ ಬಂಡವಾಳ ಹಾಕುವವರು ಕಣ್ಣುಬಾಯಿ ಬಿಡಬೇಕು. ಬಿಟ್ಟ ಮೇಲೆ ಚಿತ್ರ ಎಂಜಿನಿಯರನ ಮೇಜಿಗೆ ಹೋಗುತ್ತದೆ. ಅಲ್ಲಿಂದ ಅದಕ್ಕೆ ಶನಿಕಾಟ ಶುರು.

ಅವನು ಬರೆದ ಜಲಪಾತ ಮೋಡದಿಂದ ಧುಮುಕುತ್ತಿತ್ತು. ಕಟ್ಟಿದ್ದು ತಾರಸಿಯ ಟ್ಯಾಂಕು ತುಂಬಿ ಹರಿದಂತಿರುತ್ತಿತ್ತು. ಅವನು ಚಿತ್ರದಲ್ಲಿ ಕಗ್ಗತ್ತಲೆ ತುಂಬಿದ್ದ ಗುಹೆಯಲ್ಲಿ, ಕಟ್ಟಿದ ಮೇಲೆ, 'ಹೊರಗೆ ಹೋಗುವ ದಾರಿ' ಎಂಬ ಹಸಿರು ದೀಪ ಉರಿಯುತ್ತಿತ್ತು. ಬೆಂಕಿಯುಗುಳುವ ಹಾವಿನ ಬಾಯಲ್ಲಿ ಕಿತ್ತಳೆ ಬಟ್ಟೆಯ ಚೂರುಗಳು, ಕೆಳಗೊಂದು ಫ್ಯಾನು. ಮೊದಮೊದಲು ಜಗಳವಾಡಿದ, ಆಮೇಲೆ ಗೊಣಗಿದ, ಈಗೀಗ ಅದಕ್ಕೂ ತ್ರಾಣವಿರಲಿಲ್ಲ. ಕಟ್ಟಿ ಮುಗಿಸಿದ್ದನ್ನು ನೋಡಲು ಹೋಗುವುದನ್ನೇ ಬಿಟ್ಟಿದ್ದ.

ಇಂಥ ಚಿತ್ರಗಳಲ್ಲಿ ಒಂದು ರೂಢಿಯಿದೆ. ಗುಡ್ಡ ಎಷ್ಟು ದೊಡ್ಡದೆಂದು ತಿಳಿಯಲು ಪಕ್ಕದಲ್ಲಿ ಪುಟ್ಟದೊಂದು ಮನುಷ್ಯಾಕೃತಿ ಇರಬೇಕು. ಅವನು ಯಾವಾಗಲೂ ಬರೆಯುತ್ತಿದ್ದದ್ದು ಕೆಂಪು ಶಾಲು ಹೊದ್ದ ಹೆಂಗಸನ್ನು, ಅಂದರೆ ತನ್ನ ಹೆಂಡತಿಯನ್ನು. ಮದುವೆಯಾದ ಹೊಸತರಲ್ಲಿ ಶುರುವಾದದ್ದು ಕೈಗೆ ಅಂಟಿಕೊಂಡುಬಿಟ್ಟಿತ್ತು. ಒಂದಿಷ್ಟು ಕೆಂಪು, ಬೆನ್ನಿಗೊಂದು ನೆಟ್ಟಗಿನ ಗೆರೆ. ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲವನಾಗಿದ್ದ.

ಕೊನೆಯದಾಗಿ ಬರೆದದ್ದು ದೋಣಿ ಸವಾರಿ. ಪಾಚಿಗಟ್ಟಿದ ಕಲ್ಲಿನ ದಡ, ದೋಣಿಯ ಮುಂದಿನ ಸೀಟಿನಲ್ಲಿ ಕೆಂಪು ಶಾಲಿನವಳು. "ಹತ್ತೋ ಜಾಗದಲ್ಲಿ ಹಳದಿ ಕಂಬಿ ಹಾಕ್ತೀನಿ, ಹಿಡ್ಕೊಳ್ಳೋಕೆ," ಎಂದ ಎಂಜಿನಿಯರ್. ಕನಸುಗಾರನಿಗೆ ಎಲ್ಲಿತ್ತೋ ಸಿಟ್ಟು.

"ನದಿ ದಡಕ್ಕೆ ಯಾರಾದ್ರೂ ಹಳದಿ ಕಂಬಿ ಹಾಕ್ತಾರೇನ್ರೀ? ಜಲಪಾತ ಕಿತ್ಕೊಂಡ್ರಿ, ಕತ್ತಲೆ ಕಿತ್ಕೊಂಡ್ರಿ. ಇದೊಂದು ದಡ ನನಗೆ ಬಿಡಿ."

"ದಡದ ಎತ್ತರ ಕಮ್ಮಿ ಇದೆ, ನಿಯಮದ ಪ್ರಕಾರ ಕಂಬಿ ಕಡ್ಡಾಯ ಏನಿಲ್ಲ. ತಗೊಳ್ಳಿ ನಿಮ್ಮ ದಡ," ಎಂದು ಎಂಜಿನಿಯರ್ ಕೈಚೆಲ್ಲಿದ. ಇಷ್ಟು ವರ್ಷದ ನೌಕರಿಯಲ್ಲಿ ಕನಸುಗಾರ ಗೆದ್ದ ಜಗಳ ಅದೊಂದೇ.

ಸವಾರಿ ಶುರುವಾದಾಗ ಹೆಂಡತಿ ಹಟ ಹಿಡಿದಳು. "ಈ ಸಲವಾದ್ರೂ ಕರ್ಕೊಂಡು ಹೋಗ್ರೀ. ಎಲ್ಲೆಲ್ಲೋ ನನ್ನ ಕೂರಿಸಿದ್ದೀರ. ಒಂದ್ಸಲ ನಿಜವಾಗ್ಲೂ ಕೂತು ನೋಡ್ಬೇಕು. ಮಂಡಿ ಪೂರ್ತಿ ಕೈಕೊಡೋಕೆ ಮುಂಚೆ."

"ಬೇಜಾರಾಗತ್ತೆ ಕಣೇ. ಅದು ಚಿತ್ರದ ಥರ ಇರಲ್ಲ."

"ನಾನೇನು ಚಿತ್ರದ ಥರ ಇದ್ದೀನಾ?"

ಅವನಿಗೆ ಒಳಗೊಳಗೇ ಭಯ. ಅವನ ಚಿತ್ರಗಳನ್ನು ಇವತ್ತಿಗೂ ನಂಬುತ್ತಿದ್ದವಳು ಅವಳೊಬ್ಬಳೇ. ಕಟ್ಟಿದ್ದನ್ನು ಕಂಡು ಅವಳ ಮುಖವೂ ಸಪ್ಪಗಾದರೆ, ತಾನು ಜೀವ ತೇಯ್ದದ್ದೆಲ್ಲ ನೀರುಪಾಲು. ಆದರೂ ಹೊರಟ. ಇಲ್ಲವೆನ್ನಲೂ ಶಕ್ತಿ ಬೇಕಲ್ಲ!

ಅವಳು ಕೆಂಪು ಶಾಲನ್ನೇ ಹೊದ್ದು ಬಂದಳು. ಜಲಪಾತ ನೋಡಿ ಮೂಗು ಮುರಿಯಲಿಲ್ಲ. "ಸಣ್ಣದಾದ್ರೇನಂತೆ, ಸದ್ದು ಚೆನ್ನಾಗಿದೆ," ಎಂದಳು. ಅವನಿಗೆ ಹೋದ ಜೀವ ಬಂದಂತಾಯಿತು. ಸಾಲು ಸರಿದು ದೋಣಿ ಹತ್ತುವ ಜಾಗಕ್ಕೆ ಬಂದರು. ಅಲ್ಲಿ ದಡ ಅವನು ಬರೆದ ಹಾಗೇ ಇತ್ತು. ಅದೇ ಪಾಚಿ, ಅದೇ ಕಲ್ಲು, ಎಲ್ಲೂ ಕಂಬಿಯ ಸುಳಿವಿಲ್ಲ. ಅವನಿಗೆ ಹೆಮ್ಮೆಯೆನಿಸಿತು.

ಅವಳು ಒಂದು ಕಾಲೆತ್ತಿದಳು. ಕೈ ತಾನಾಗಿ ಪಕ್ಕಕ್ಕೆ ಹೋಗಿ ಗಾಳಿಯಲ್ಲಿ ತಡಕಾಡಿತು. ಅವನು ಹೆಗಲು ಕೊಟ್ಟ, ದೋಣಿ ಓಲಾಡಿತು, ಅವಳ ಮಂಡಿ ಕುಸಿಯಿತು. "ಅಯ್ಯೋ, ಬೇಡ ರೀ, ಬೇಡ!" ಹಿಂದಿನಿಂದ ಯಾರೋ, "ಬೇಗ ಹತ್ತಿ ಅಜ್ಜಿ," ಎಂದರು. ದೋಣಿ ನೋಡಿಕೊಳ್ಳುವ ಹುಡುಗಿ ನಯವಾಗಿಯೇ ಇಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿದಳು. ಮುಂದಿನ ಸೀಟು ಖಾಲಿಯಿದ್ದ ಹಾಗೇ ದೋಣಿ ಹೊರಟುಹೋಯಿತು.

ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ ಅವಳೆಂದಳು, "ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕೋಕೆ ಏನಾಗಿತ್ತೋ ಆ ಎಂಜಿನಿಯರಿಗೆ?"

"ಅವನು ಹಾಕ್ತೀನಿ ಅಂದ. ಬೇಡ ಅಂದೋನು ನಾನು."

ಅವಳು ದಡದತ್ತ ತಿರುಗಿ ನೋಡಿದಳು. "ಚೆನ್ನಾಗಿ ಕಾಣ್ಲಿ ಅಂತಾನಾ?"

"ಹೂಂ."

"ಚೆನ್ನಾಗೇ ಕಾಣತ್ತೆ," ಎಂದಳು.

ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವನಿಗೆ.

ಮರುದಿನ ಎಂಜಿನಿಯರನ ಎದುರು ನಾಚಿಕೆ ಬಿಟ್ಟು ನಿಂತು, ಆ ಹಳದಿ ಕಂಬಿ ಹಾಕಿಕೊಡಿ ಎಂದ. ಆ ಪುಣ್ಯಾತ್ಮ ಹಂಗಿಸಲಿಲ್ಲ. "ಹಾಕೋಣ. ಆದ್ರೆ ಸವಾರಿ ಶುರುವಾದ ಮೇಲೆ, ಒಪ್ಪಿಗೆಯಾದ ಚಿತ್ರದಲ್ಲಿ ಇಲ್ಲದ್ದನ್ನ ನಾನು ಹಾಕೋ ಹಾಗಿಲ್ಲ. ಕಂಬಿ ಸೇರಿಸಿ ಹೊಸ ಚಿತ್ರ ಬರೆದು ಕೊಡಿ," ಎಂದ.

ಮನೆಗೆ ಬಂದು ಬರೆಯಲು ಕೂತ. ದಡ ಬಂತು, ಹಳದಿ ಕಂಬಿ ಬಂತು. ಕೆಂಪು ಶಾಲಿನವಳನ್ನು ಬರೆಯಹೋದರೆ, ಬೆನ್ನಿನ ನೆಟ್ಟಗಿನ ಗೆರೆ ಎಳೆದದ್ದೇ ಕೈ ನಿಂತುಬಿಟ್ಟಿತು. ಅವಳು ಮೊದಲು ಎತ್ತುವುದು ಯಾವ ಕಾಲು? ಕಂಬಿಯನ್ನು ಎಲ್ಲಿ ಹಿಡಿಯುತ್ತಾಳೆ? ಅವನಿಗೆ ಗೊತ್ತಿರಲಿಲ್ಲ. ಅವನ ಯಾವ ಚಿತ್ರದಲ್ಲೂ ಅವಳು ಹತ್ತಿದ್ದೇ ಇಲ್ಲ, ಬರೀ ಕೂತಿರುತ್ತಿದ್ದಳು. ಅಡುಗೆಮನೆಯಿಂದ ಅವಳನ್ನು ಕರೆದ. ಒಂದು ಗಿಡ್ಡ ಸ್ಟೂಲು ಇಟ್ಟು, ಪಕ್ಕದಲ್ಲಿ ಕುರ್ಚಿಯಿಟ್ಟು, ಹಿಡಿದುಕೊಂಡು ಹತ್ತು ಎಂದ.

ಅವಳು ಕುರ್ಚಿಯ ಬೆನ್ನು ಹಿಡಿದು, ಸೊಂಟ ಬಗ್ಗಿಸಿ, ಎಡಗಾಲನ್ನು ಮೆಲ್ಲಗೆ ಮೇಲಿಟ್ಟಳು.

"ಏನ್ರೀ, ಹಂಗೆ ನೋಡ್ತೀರ?"

"ಅಲ್ಲಾಡ್ಬೇಡ. ಹಾಗೇ ಇರು."

"ಇಷ್ಟು ವರ್ಷ ನನ್ನ ಬರೆದ್ರಿ. ಒಂದ್ಸಲನಾದ್ರೂ ಹಿಂಗೆ ನೋಡಿ ಬರೆದಿದ್ರಾ?"

ಅವನು ರಬ್ಬರು ಕೈಗೆತ್ತಿಕೊಂಡ. ಬೆನ್ನಿಗೆ ಎಳೆದಿದ್ದ ನೆಟ್ಟಗಿನ ಗೆರೆಯನ್ನು ಅಳಿಸಿ, ಅವಳನ್ನು ನೋಡಿಕೊಂಡು, ಬಾಗಿಸಿ ಬರೆದ.