ಮೇಷ್ಟ್ರ ಬಲಗೈ

ಕಳೆದ ವಾರ ಅತ್ತೆಯವರ ಮೊಣಕಾಲು ತೋರಿಸಲು ಲಕ್ಷ್ಮೀಪುರಂನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಮಲ್ಲಿಗೆ. ಹೂವಲ್ಲ, ಗೋಡೆಯ ಮೇಲಿನ ಡಬ್ಬಿ ಆಗಾಗ ಪುಸ್ ಎಂದು ಉಗುಳುವ ಮಲ್ಲಿಗೆ. ಮೈಸೂರಿನಲ್ಲಿ ಕೂತು ಈ ಗಬ್ಬಿಗೆ ಮಲ್ಲಿಗೆ ಎಂದು ಹೆಸರಿಡಲು ಯಾರಿಗೆ ಮನಸ್ಸು ಬಂತೋ! ನಾನು ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿದೆ. “ಯಾಕಮ್ಮ, ತಿಂಡಿ ತಿಂದಿಲ್ವಾ?” ಎಂದರು ಅತ್ತೆ. ತಿಂದಿದ್ದೆ. ಹಿಂದೊಮ್ಮೆ ಬೇರೊಂದು ಸೆಂಟರಿನಲ್ಲಿ, ಇದೇ ವಾಸನೆಯಲ್ಲಿ, ನನ್ನ ಪಿಟೀಲು ಮೇಷ್ಟ್ರ ವಾಚು, ಉಂಗುರ ಹಿಡಿದುಕೊಂಡು ಕಾದು ಕೂತಿದ್ದು ನೆನಪಾಗಿತ್ತು...

ಮೇಷ್ಟ್ರ ಮನೆ ಕುಂಬಾರಕೊಪ್ಪಲಿನಲ್ಲಿತ್ತು. ಮೂವತ್ತು ದಾಟಿದ ಮೇಲೆ ಪಿಟೀಲು ಹಿಡಿದವಳು ನಾನು. ನನ್ನ ಸ್ವರ ಕೇಳಿ ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೋದರೂ ಅವರು ಮಾತ್ರ, “ಬರತ್ತೆ ಕಣಮ್ಮ, ಎಳಿ, ಇನ್ನೂ ಉದ್ದ ಎಳಿ” ಎನ್ನುತ್ತಿದ್ದರು. ಅವರು ಕಮಾನು ಎಳೆದರೆ ಅದು ಯಾವಾಗ ಹಿಂದಕ್ಕೆ ತಿರುಗಿತೆಂದೇ ಕೇಳುಗರಿಗೆ ತಿಳಿಯುತ್ತಿರಲಿಲ್ಲ. ಆ ತಿರುವೆಲ್ಲ ಬಲಗೈಯ ಮಣಿಕಟ್ಟಿನಲ್ಲಿತ್ತು.

ಬನ್ನಿಮಂಟಪದ ಹತ್ತಿರ ಸ್ಕೂಟರ್ ಜಾರಿದಾಗ ಅವರು ನೆಲಕ್ಕೆ ಊರಿದ್ದು ಅದೇ ಕೈಯನ್ನು. ಊತ ಇಳಿಯಿತು, ನೋವು ಇಳಿಯಲಿಲ್ಲ. ಮಣಿಕಟ್ಟು ತಿರುಗಿಸಿದರೆ ಕಿರುಬೆರಳಿನ ಕಡೆ ಕಟಕ್ ಎನ್ನುತ್ತಿತ್ತು. ಡಾಕ್ಟರು ಮೊದಲು ಎಕ್ಸ್‌ರೇ ಬರೆದರು. ಹೋಲಿಸಿ ನೋಡಲು ಎರಡೂ ಕೈಯದು ತೆಗೆಸಿದರು. ಮೂಳೆ ಮುರಿದಿಲ್ಲ ಎಂದರು. ಮುರಿದಿದೆ ಎಂದು ಹೇಳಿದ್ದಾದರೂ ಯಾರು? ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ. ಮೂಳೆಗಳ ನಡುವಿನ ಮೆತ್ತನೆಯ ಪದರವಾಗಲಿ, ಅವನ್ನು ಹಿಡಿದಿಟ್ಟ ಲಿಗಮೆಂಟಾಗಲಿ ಕಾಣುವುದಿಲ್ಲ. ಆಮೇಲೆ ತಣ್ಣನೆಯ ಜೆಲ್ ಬಳಿದು ಅಲ್ಟ್ರಾಸೌಂಡ್ ಆಯಿತು. ಅದು ಚರ್ಮದ ಕೆಳಗಿನದನ್ನು ತೋರಿಸಿತು, ಕೀಲಿನ ಒಳಮೂಲೆಗೆ ಇಣುಕಲಿಲ್ಲ. ಕೊನೆಗೆ ಎಂಆರ್‌ಐ. ನಾನು ವಾಚು, ಉಂಗುರ ಹಿಡಿದು ಹೊರಗೆ ಕೂತದ್ದು ಆಗಲೇ.

ಡಾಕ್ಟರು ಫಿಲ್ಮನ್ನು ಲಕೋಟೆಯಿಂದ ಹೊರಗೆಳೆಯಲೂ ಇಲ್ಲ. ರಿಪೋರ್ಟಿನ ಕೊನೆಯ ಸಾಲು ಓದಿ, ಮೊಬೈಲು ತೀಡುತ್ತಲೇ, “ಎಲ್ಲಾ ನಾರ್ಮಲ್ ಇದೆ ಯಜಮಾನ್ರೇ. ನೋವೆಲ್ಲ ಮನಸ್ಸಿಂದು. ಪ್ರಾಕ್ಟೀಸ್ ಮಾಡಿ, ಹೋಗತ್ತೆ” ಎಂದರು. ಒಂದು ಸಲವೂ ಆ ಕೈ ಮುಟ್ಟಿ ನೋಡಲಿಲ್ಲ. ಆ ಮನುಷ್ಯನ ಮುಖ ನೆನೆದರೆ ಇವತ್ತಿಗೂ ನನಗೆ ವಾಕರಿಕೆ.

ಮೇಷ್ಟ್ರು ನಂಬಿಬಿಟ್ಟರು. “ಕೈಗೇನೂ ಆಗಿಲ್ವಂತೆ ಕಣಮ್ಮ, ನಂದೇ ಸೋಮಾರಿತನ” ಎಂದು ಶಿಷ್ಯರಿಗೆಲ್ಲ ಹೇಳಿಕೊಂಡು ಬಂದರು. ಸೋಮಾರಿತನ ಬಿಡಿಸಲು ಬೆಳಗಾಗೆದ್ದು ಗಂಟೆಗಟ್ಟಲೆ ಉದ್ದುದ್ದ ಕಮಾನು ಎಳೆದರು. ತಿರುವು ಬಂದಾಗಲೆಲ್ಲ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಕಮಾನು ಕೈತಪ್ಪಿ ಬಿದ್ದರೆ ನಮ್ಮ ಕ್ಷಮೆ ಕೇಳುತ್ತಿದ್ದರು. ಒಬ್ಬ ಮಹಾಶಯ ಮಗಳನ್ನು ಕರೆದೊಯ್ಯಲು ಬಂದವನು ಗೇಟಿನಲ್ಲೇ, “ಪಾಠ ಮಾಡಕ್ಕೆ ಮೈಬಗ್ಗಲ್ಲ, ಅದಕ್ಕೇ ನಾಟಕ ಆಡ್ತಾರೆ ಬುಡಿ” ಎಂದ. ಒಳಗೆ ಮೇಷ್ಟ್ರಿಗೆ ಕೇಳಿಸಿತು. ಥೂ, ಎಂಥ ಜನ...

ತಿಂಗಳುಗಳು ಉರುಳಿದ ಮೇಲೆ ನಾನೇ ಹಟ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಮಾತಿಗೆ ಮೊದಲು ಮಣಿಕಟ್ಟಿನ ಕಿರುಬೆರಳ ಬದಿಯ ಗುಳಿಯನ್ನು ಹೆಬ್ಬೆರಳಲ್ಲಿ ಒತ್ತಿದರು. ಮೇಷ್ಟ್ರು ಅಮ್ಮಾ ಎಂದರು. ಆಮೇಲೆ ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, “ಇದು ನಿಮ್ಮ ಎಡಗೈ ಅಲ್ವಾ ಸಾರ್?” ಎಂದರು.

ಹೌದು, ಎಡಗೈ. ಚೀಟಿಯಲ್ಲಿ ಯಾವ ಕೈ ಎಂದು ಬರೆಯಲು ಮೊದಲಿನ ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಪಿಟೀಲಿನವರೆಂದ ಮೇಲೆ ಬೆರಳು ಓಡಾಡುವ ಎಡಗೈಯೇ ಇರಬೇಕೆಂದು ಸ್ಕ್ಯಾನ್ ಮಾಡುವವನು ತೀರ್ಮಾನಿಸಿದ್ದ. ನೀವಾದರೂ ಹೇಳಬಾರದಿತ್ತೇ ಎಂದು ಮೇಷ್ಟ್ರನ್ನು ಕೇಳಿದೆ. “ಎಕ್ಸ್‌ರೇಲಿ ಎರಡೂ ಕೈ ತೆಗೆದಿದ್ರಲ್ಲ, ಇದ್ರಲ್ಲೂ ಹೋಲಿಸಕ್ಕೆ ಮೊದ್ಲು ಚೆನ್ನಾಗಿರೋ ಕೈ ಅಂದ್ಕೊಂಡೆ. ಆಯ್ತು ಏಳಿ ಅಂದ್ರು, ಎದ್ದುಬುಟ್ಟೆ. ಓದಿದೋರನ್ನ ನಾವೇನು ಕೇಳೋದು ಕಣಮ್ಮ?”

ಆಕೆ ಬಲಗೈಯ ಕೀಲಿನೊಳಕ್ಕೇ ಔಷಧಿ ಚುಚ್ಚಿಸಿ ಮತ್ತೆ ಎಂಆರ್‌ಐ ಮಾಡಿಸಿದರು. ಬರೀ ಎಂಆರ್‌ಐನಲ್ಲಿ ಸಣ್ಣ ಹರಕು ಕಣ್ತಪ್ಪಬಹುದು, ಔಷಧಿಯಾದರೆ ಹರಿದ ಕಡೆ ಸೋರಿ ಗುರುತು ತೋರಿಸುತ್ತದೆ ಎಂದರು. ಸೋರಿತ್ತು. ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡಿದಾಗ ಮೆತ್ತನೆಯ ಪದರ ಸವೆದು, ಹರಿದ ಅಂಚು ಹಿಂಜಿಹೋಗಿತ್ತು. ಬಿದ್ದ ಹೊಸದರಲ್ಲಿ ಬಂದಿದ್ದರೆ ಹೊಲಿಯಬಹುದಿತ್ತಂತೆ. ನೋವು ಕಡಿಮೆ ಮಾಡಬಹುದು, ಕಮಾನು ಮಾತ್ರ ಇನ್ನು ಬೇಡ ಎಂದರು.

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮೇಷ್ಟ್ರು ನನ್ನ ಪಕ್ಕ ಕೂತರು. ಆ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವಿತ್ತು.

“ನೋಡ್ದ್ಯಾ ಕಣಮ್ಮ, ನಾನು ನಾಟಕ ಆಡ್ತಿರ್ಲಿಲ್ಲ.”

ಮೇಷ್ಟ್ರು ಈಗಿಲ್ಲ. ಕೊನೆಯವರೆಗೂ ಬಾಯಲ್ಲೇ ಪಾಠ ಹೇಳಿದರು. ಬಾಯಲ್ಲಿ ಹೇಳಿ ಕೊಡುವಂಥದ್ದಲ್ಲವಲ್ಲ ಆ ತಿರುವು, ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅದರ ಸಂಕಟ ಹೇಗೋ ನುಂಗಿಕೊಂಡಿದ್ದೇನೆ. ಆದರೆ ಕೈ ಹೋಯಿತೆಂದು ತಿಳಿದ ದಿನ ಅವರು ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ. ಅದೊಂದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.