ಟಾಕಿಯ ಬಣ್ಣದಲ್ಲಿ ಅಡಗಿದ ಹೆಸರು

ಕಪ್ತಾನರ ಮನೆಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಖುರ್ಷಿದಾಬೇಗಂ ಹಿತ್ತಲಿನ ಏಣಿ ಹತ್ತಿ ನೀರಿನ ಟಾಕಿಯೊಳಗೆ ಇಳಿದಿದ್ದಳು. "ಬಾಯಿ, ಟ್ಯಾಂಕ್ ಸಾಫ್ ಮಾಡು, ಜ್ವಾಕಿ" ಎಂದು ಅವರೇ ಹೇಳಿದ್ದರು. ನಮ್ಮ ವಿಜಯಪುರದ ಕಡೆಯವರಿಗೆ ಟ್ಯಾಂಕು ಅಂದರೆ ನೀರಿನ ಟಾಕಿ, ಬೇರೆ ಅರ್ಥವಿಲ್ಲ. ನೀರೆಲ್ಲ ಬಿಟ್ಟು, ತೆಂಗಿನ ನಾರು ಹಿಡಿದು ತಳ ತಿಕ್ಕುತ್ತಿದ್ದಾಗ ಕೆಳಗಿನಿಂದ ಕೂಗು ಕೇಳಿತು. ಅವರು ಹೇಳಿದ್ದು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ಬೆರಳುದ್ದದ ಯುದ್ಧದ ಟ್ಯಾಂಕುಗಳನ್ನು. ಗೋವೆಯ ಸಾಂಕೋಲೆಯಲ್ಲಿನ ಆ ಮನೆಯಲ್ಲಿ ಅಂದು ಸಂಜೆಯವರೆಗೆ ನಲ್ಲಿಯಲ್ಲಿ ಹನಿ ನೀರಿರಲಿಲ್ಲ.

ಇದನ್ನು ಹೇಳಿಕೊಂಡು ಅವಳೂ ನಕ್ಕಿದ್ದಳು, ನಾನೂ ನಕ್ಕಿದ್ದೆ. ಆಮೇಲೆ ನಾಲ್ಕು ವರ್ಷ ನಡೆದದ್ದರಲ್ಲಿ ನಗುವಂಥದ್ದು ಹೆಚ್ಚೇನೂ ಇರಲಿಲ್ಲ.

ನಾನು ಇಲ್ಲಿನ ಕನ್ನಡ ಶಾಲೆಯಲ್ಲಿ ಕಲಿಸುವವಳು. ಖುರ್ಷಿದಾ ಸಿಂದಗಿ ತಾಲ್ಲೂಕಿನವಳು, ಓದಿದ್ದು ಮೂರನೇ ಇಯತ್ತೆ. ಗಂಡ ರಾಜಮಹ್ಮದ ಲಾರಿ ಓಡಿಸುತ್ತಿದ್ದ. ಅವನು ವಾಳಪೈ ಘಾಟಿನ ತಿರುವಿನಲ್ಲಿ ತೀರಿಕೊಂಡ ಎರಡನೇ ತಿಂಗಳಿಗೆ ಬಾಡಿಗೆ ಮನೆಯವರು ಅವಳ ಪಾತ್ರೆಗಳನ್ನು ಓಣಿಗೆ ಇಟ್ಟರು. ಆಗ ಅಡುಗೆ ಕೆಲಸದ ದುರ್ಗಾಬಾಯಿ ಅವಳನ್ನು ಕಪ್ತಾನರ ಮುಂದೆ ನಿಲ್ಲಿಸಿ, "ಈ ಬಾಯಿ ಭಾಳ ಚಲೋದಾಳ್ರಿ, ಇರಾಕ ಜಾಗಾ ಇಲ್ಲ" ಎಂದಳು. ಅವರು ಹಿತ್ತಲಿನ ಕೋಣೆಯ ಬೀಗ ತೆಗೆದುಕೊಟ್ಟರು. ಬಾಡಿಗೆ ಕೇಳಲಿಲ್ಲ. ಹೆಸರನ್ನೂ ಕೇಳಲಿಲ್ಲ.

ಎವಾರಿಸ್ತ್ ಕಪ್ತಾನರು ಹಡಗಿನಿಂದ ನಿವೃತ್ತರಾದ ಗೋವೆಯ ಕ್ರಿಶ್ಚಿಯನ್ನರು, ಒಂಟಿ ಮನುಷ್ಯ. ಅಪ್ಪ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆಯಲ್ಲಿದ್ದುದರಿಂದ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಡಗಿನಲ್ಲಿದ್ದಾಗ ಪರದೇಶದಲ್ಲಿ ಕಲಿತ ಹುಚ್ಚು ಈ ಟ್ಯಾಂಕಿನ ಆಟ. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಬರುತ್ತವೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ಒಂದು ಫೌಜು ಕಟ್ಟಬೇಕು. ತಿಂಗಳಿಗೊಂದು ಐತವಾರ ನಾಲ್ಕೈದು ಜನ ಗೆಳೆಯರು ತಮ್ಮ ತಮ್ಮ ಫೌಜು ತಂದು, ದೊಡ್ಡ ಮೇಜಿನ ಮೇಲೆ ರಟ್ಟಿನ ಗುಡ್ಡ ಜೋಡಿಸಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಕಾದಾಡುತ್ತಾರೆ. ದೊಡ್ಡವರ ಆಟ, ಸಿಟ್ಟು ಮಾತ್ರ ಸಣ್ಣ ಹುಡುಗರದು.

ಆದರೆ ಕಪ್ತಾನರ ಕೈಗೆ ನಡುಕ ಬಂದಿತ್ತು. ಒಂದು ಬೆಳಿಗ್ಗೆ ಅವರು ಟ್ಯಾಂಕಿನ ಗೋಪುರದ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಅಂಕಿ ಬರೆಯಲು ಹೋಗಿ ಮೂರು ಸಲ ಕೆಡಿಸಿದರು. ನೆಲ ಒರೆಸುತ್ತಿದ್ದ ಖುರ್ಷಿದಾ ಎದ್ದು ನಿಂತು, "ಕೊಡ್ರಿ ಇಲ್ಲೆ" ಎಂದಳು. ಕುಂಚ ಇಸಿದುಕೊಂಡು ಒಂದೇ ಉಸಿರಿನಲ್ಲಿ ಬರೆದಳು. ಅವಳದು ಮೆಹಂದಿ ಹಾಕುವ ಕೈ. ಊರಲ್ಲಿದ್ದಾಗ ಸುತ್ತಲಿನ ಹತ್ತು ಹಳ್ಳಿಯ ಮದುಮಗಳಿಗೆ ಅವಳೇ ಬೇಕಾಗಿತ್ತು. ಕಪ್ತಾನರು ಭೂತಗನ್ನಡಿ ಹಿಡಿದು ಆ ಅಂಕಿಯನ್ನು ಬಹಳ ಹೊತ್ತು ನೋಡಿದರಂತೆ. "ಇವತ್ತಿಂದ ನೆಲಾ ಒರಸಬ್ಯಾಡ, ಬಾಯಿ" ಎಂದರಂತೆ.

ನೆಲ ಒರೆಸುವುದು ನಿಂತಿತು. ಆಮೇಲೆ ಈಳಿಗೆ ಮುಟ್ಟುವುದು ನಿಂತಿತು, ಬೆರಳು ಕೊಯ್ದೀತೆಂದು. ಕೊಡ ಎತ್ತುವುದು ನಿಂತಿತು, ಕೈ ಸೋತೀತೆಂದು. ಮದುವೆ ಮನೆಗೆ ಮೆಹಂದಿ ಹಾಕಲು ಹೋಗುವುದೂ ನಿಂತಿತು, ಬೆರಳು ದಣಿದಾವೆಂದು. ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ನಾನೇ ಅವಳಿಗೆ "ನಿನ್ನ ಪುಣ್ಯ ದೊಡ್ಡದು ಬಿಡ" ಎಂದಿದ್ದೆ. ಆ ಮಾತು ನೆನಪಾದರೆ ಈಗಲೂ ನನ್ನ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಬಣ್ಣದ ಕೋಣೆಗೆ ಒಂದೇ ಕಿಟಕಿ, ಅದೂ ಮುಚ್ಚಿದ್ದು. ಗಾಳಿ ಬಂದರೆ ಧೂಳು ಬರುತ್ತದೆ, ಹಸಿ ಬಣ್ಣಕ್ಕೆ ಅಂಟುತ್ತದೆ. ಫ್ಯಾನು ಹಾಕಿದರೆ ಕುಂಚದ ತುದಿಯಲ್ಲೇ ಬಣ್ಣ ಒಣಗುತ್ತದೆ. ಮೇ ತಿಂಗಳ ಗೋವೆಯ ಸೆಕೆಯಲ್ಲಿ, ತಿನ್ನರಿನ ಘಾಟಿನಲ್ಲಿ, ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಅವಳು ಬಗ್ಗಿ ಕೂತಿರುತ್ತಿದ್ದಳು. ಮೊದಲು ಹಳದಿ ಬಳಿಯುವುದು, ಅದರ ಮೇಲೆ ಹಸಿರು ಮತ್ತು ಕಂದು ಪಟ್ಟೆಗಳು. ಸಂದುಗಳಿಗೆ ತೆಳು ಕಪ್ಪು ನೀರು ಹರಿಸುವುದು. ಕುಂಚವನ್ನು ಬಟ್ಟೆಗೆ ಒರೆಸಿ ಒರೆಸಿ ಒಣಗಿಸಿ ಅಂಚಿಗಷ್ಟೇ ಬಿಳಿ ಸವರುವುದು. ಕೊನೆಗೆ ಗಾಲಿಪಟ್ಟಿಗೆ ಕೆಸರು. ಆ ಕೆಸರಿಗೆ ಅವಳು ಹಿತ್ತಲಿನ ಕೆಂಪು ಮಣ್ಣನ್ನೇ ಚಹಾ ಜಾಲರಿಯಲ್ಲಿ ಸೋಸಿ ಹಾಕುತ್ತಿದ್ದಳು. ರಷ್ಯಾದ ಹಿಮದಲ್ಲಿ ಕಾದಬೇಕಾದ ಜರ್ಮನ್ ಫೌಜಿನ ಗಾಲಿಗೆಲ್ಲ ಸಾಂಕೋಲೆಯ ಮಣ್ಣು.

ಈ ಕೆಲಸ ಅವಳದು ಎಂದು ಯಾರಿಗೂ ಗೊತ್ತಿರಲಿಲ್ಲ. ಗೆಳೆಯರ ಬಳಗದಲ್ಲಿ ಕಪ್ತಾನರ ಹೆಸರು ಹರಡಿತ್ತು. ದಾಳ ಹಿಡಿದರೆ ನಡುಗುವ ಕೈ ಕುಂಚ ಹಿಡಿದರೆ ನಿಂತುಬಿಡುತ್ತದಂತೆ, ದೇವರ ಲೀಲೆಯಂತೆ. ಪುಣೆಯ ಯಾವುದೋ ಕೂಟದಲ್ಲಿ ಚೆಂದದ ಫೌಜು ಎಂದು ಒಂದು ಬಹುಮಾನದ ಢಾಲು ಕೊಟ್ಟಿದ್ದರು. ಆ ಢಾಲಿನ ಧೂಳು ಹೊಡೆಯುವವಳೂ ಖುರ್ಷಿದಾ.

ಆಟದ ದಿನ ಅವಳು ಬಣ್ಣದ ಕೋಣೆಯಲ್ಲೇ ಇರಬೇಕಿತ್ತು, ಮುರಿದದ್ದನ್ನು ಕೂಡಲೇ ಅಂಟಿಸಿಕೊಡಲಿಕ್ಕೆ. ಮೊದಮೊದಲು ಬಾಗಿಲು ಬರೀ ಮುಂದಕ್ಕೆ ಮಾಡಿರುತ್ತಿತ್ತು. ಒಂದು ಸಲ ಗೆಳೆಯನೊಬ್ಬ ಬಚ್ಚಲು ಹುಡುಕುತ್ತ ಒಳಗೆ ಬರಲಿದ್ದ. ಅಂದಿನಿಂದ ಕಪ್ತಾನರು ಹೊರಗಿನಿಂದ ಕೀಲಿ ತಿರುಗಿಸತೊಡಗಿದರು. ಬುತ್ತಿ, ನೀರಿನ ಬಾಟ್ಲಿ ಒಳಗೆ. "ಸುಮ್ನ, ಯಾರರೆ ಬಂದಾರು ಅಂತ, ಬಾಯಿ." ಹತ್ತು ಗಂಟೆಗೆ ಹಾಕಿದ ಕೀಲಿ ಐದಕ್ಕೆ ತೆಗೆಯುವುದು; ಮುರಿದದ್ದನ್ನು ಅಂಟಿಸುವುದು ಆಮೇಲೆ, ಅಲ್ಲಿಯವರೆಗೆ ಹೊಸದಕ್ಕೆ ಬಣ್ಣ.

ನಾನು ಕೇಳಿ ಉರಿದುಬಿದ್ದೆ. "ಆಕಳಾ ಕಟ್ಟಿದ್ರೂ ನಡುವ ಒಮ್ಮೆ ನೋಡ್ತಾರಲ್ಲವಾ!"

"ಉಂಡ ಮನಿ ಜಂತಿ ಎಣಿಸಬಾರದ್ರಿ, ಬಾಯಾರ," ಎಂದಳು. ಆಮೇಲೆ ತಾನೇ ನಕ್ಕು, "ಆದ್ರ ಬಾಗಲಾ ಹಾಕ್ಕೊಂಡು ಹೋದ್ರ ಮತ್ತೇನ ಎಣಿಸೂದ್ರಿ? ಹತ್ತೊಂಬತ್ತ ಅದಾವ" ಎಂದಳು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಬಾಯಾರ ಎನ್ನುತ್ತಾರೆ. ಗೋವೆಯಲ್ಲಿ ಮನೆಗೆಲಸದವಳಿಗೆ ಬಾಯಿ. ಮಾತು ಒಂದೇ, ನನ್ನದಕ್ಕೆ ಬಾಲದಲ್ಲಿ ಒಂದಿಷ್ಟು ಮರ್ಯಾದೆ ಅಂಟಿಸಿದ್ದಾರೆ, ಅಷ್ಟೆ. ಅವಳನ್ನು ದಿನಕ್ಕೆ ನೂರು ಸಲ ಬಾಯಿ ಎಂದು ಕರೆದು, ಬಾಯಿ ಮಾತ್ರ ತೆಗೆಯಬೇಡ ಎಂದಿದ್ದರು.

ಇಷ್ಟಾದರೂ ಬಿಟ್ಟು ಹೋಗಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಬಿಟ್ಟರೆ ತಲೆಯ ಮೇಲಿನ ಸೂರು ಹೋಗುತ್ತದೆ. ಎರಡು ಸಲ ಅವಳು ಧೈರ್ಯ ಮಾಡಿ ಹೋಗಲೇ ಎಂದು ಕೇಳಿದಾಗ ಕಪ್ತಾನರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ನಡುಗುವ ಕೈಯನ್ನು ಮೇಜಿನ ಮೇಲಿಟ್ಟು, "ಇದೊಂದು ಫೌಜು ಮುಗೀಲಿ, ಬಾಯಿ" ಎಂದರು, ಕಣ್ಣಲ್ಲಿ ನೀರು ತಂದುಕೊಂಡರು. ಒಂದು ಫೌಜು ಮುಗಿಯುವಷ್ಟರಲ್ಲಿ ಇನ್ನೊಂದು ಪೆಟ್ಟಿಗೆ ಬಂದು ಬಿದ್ದಿರುತ್ತಿತ್ತು.

ಕಳೆದ ವರ್ಷ ಅವಳ ಅಕ್ಕನ ಮಗಳು ಸಿಮ್ರನ ಮಡಗಾಂವ್ ಮಾರ್ಕೆಟ್ಟಿನ ಹಿಂದೆ ಮೆಹಂದಿ ಅಂಗಡಿ ತೆರೆದಳು. ಎರಡೇ ಕುರ್ಚಿ, ಮೇಲೆ ಮಲಗಲು ಒಂದು ಅಟ್ಟ. ಒಂದು ಕುರ್ಚಿ ಖಾಲಾಗೆ, ಅಂದರೆ ಚಿಕ್ಕಮ್ಮನಿಗೆ, ಎಂದು ಇಟ್ಟುಕೊಂಡು ಕಾದಳು. ಲಗ್ನಗಳು ಶುರುವಾದವು, ಖಾಲಾ ಬರಲಿಲ್ಲ. ಕೊನೆಗೆ ನನ್ನ ಫೋನಿಗೇ ಮಾಡಿದಳು: "ಖಾಲಾಗ ಹೇಳ್ರಿ ಬಾಯಾರ, ಬರೂ ಐತವಾರ ಸಂಜಿತನಕ ದಾರಿ ನೋಡ್ತೇನಿ. ಸೋಮವಾರ ಬ್ಯಾರೆದಾಕಿನ ಕೂಡಸ್ತೇನಿ. ನಂದೂ ಹೊಟ್ಟಿ ಅಲ್ಲೇನ್ರಿ?"

ಬರುವ ಐತವಾರ ಆಟದ ದಿನ. ಅವಳು ಮೂರನೇ ಸಲ ಕೇಳಿದಳು. ಇನ್ನೂ ಹನ್ನೆರಡು ಟ್ಯಾಂಕು ಬಾಕಿ ಇದ್ದವು. "ಇದೊಂದು ಫೌಜು ಮುಗೀಲಿ, ಬಾಯಿ."

ಈಗ ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಎರಡು ವರ್ಷ ಮೊದಲು ಖುರ್ಷಿದಾ ನನ್ನ ಮನೆಗೆ ಬಂದು, ತನ್ನ ಹೆಸರನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆಯುವುದು ಹೇಗೆಂದು ಕೇಳಿದ್ದಳು. ಮೂರನೇ ಇಯತ್ತೆಯಲ್ಲಿ ಕಲಿತದ್ದರಲ್ಲಿ ಅರ್ಕಾವತ್ತು ಮರೆತುಹೋಗಿತ್ತು. ನಾನು ಪಾಟಿಯ ಮೇಲೆ ಬರೆದು ತೋರಿಸಿದೆ. ಅವಳು ಆ 'ರ್ಷಿ'ಯ ಮೇಲೆ ಬೆರಳಾಡಿಸಿ, "ಈ ಕೊಕ್ಕಿ ಭಾಳ ಚಲೋ ಐತ್ರಿ, ಬಳ್ಳಿ ತುದಿ ಇದ್ದಂಗ" ಎಂದಳು. ಬ್ಯಾಂಕಿನ ಸಹಿಗೆ ಇರಬೇಕೆಂದು ನಾನು ಸುಮ್ಮನಾದೆ.

ಮೆಹಂದಿಯಲ್ಲಿ ಒಂದು ಪದ್ಧತಿಯುಂಟು. ಮದುಮಗಳ ಅಂಗೈಯ ಬಳ್ಳಿಗಳ ನಡುವೆ ಮದುಮಗನ ಹೆಸರನ್ನು ಅಡಗಿಸಿ ಬರೆಯುತ್ತಾರೆ. ಅವನು ಹುಡುಕಿ ಓದಬೇಕು. ಓದುವವರೆಗೆ ಹೆಣ್ಣಿನ ಕಡೆಯವರು ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಟ್ಯಾಂಕಿನ ಹಸಿರು ಕಂದು ಪಟ್ಟೆಗಳೂ ಬಳ್ಳಿಗಳೇ. ಖುರ್ಷಿದಾ ಒಂದೊಂದು ಟ್ಯಾಂಕಿನ, ಅವಳ ಮಾತಿನಲ್ಲಿ ಟಾಕಿಯ, ಬಲಮಗ್ಗುಲಿನ ಪಟ್ಟೆಯಲ್ಲಿ ತನ್ನ ಹೆಸರನ್ನು ಅಡಗಿಸಿ ಬರೆಯುತ್ತ ಬಂದಿದ್ದಳು. ನಮ್ಮ ಅಕ್ಷರದ ದುಂಡಗು ಅದಕ್ಕೆ ಹೇಳಿ ಮಾಡಿಸಿದ್ದು. ಆ ಹಾಲ್‌ಗೆ ಬರುತ್ತಿದ್ದವರಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ. ಎರಡು ವರ್ಷ ಯಾರೂ ಹುಡುಕಲಿಲ್ಲ.

ಆ ಐತವಾರ ಹತ್ತು ಗಂಟೆಗೆ ಕೀಲಿ ತಿರುಗಿತು. ಖುರ್ಷಿದಾ ಈ ಹನ್ನೆರಡು ಮುಗಿದರೆ ಹದಿಮೂರನೆಯ ಟಾಕಿಯಂತೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕುಂಚ ಹಿಡಿದಳು, ಬಣ್ಣಕ್ಕೆ ಅದ್ದಲಿಲ್ಲ. ಗೋಡೆಯ ಆಚೆ ದಾಳ ಉರುಳುತ್ತಿದ್ದವು. ಸಂಜೆಯೊಳಗೆ ಮಡಗಾಂವ್ ಮುಟ್ಟಿಸುವ ಕೊನೆಯ ಬಸ್ಸು ಕೀಲಿ ತೆಗೆಯುವ ಮೊದಲೇ ಹೋಗಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಯವರೆಗಿನ ಹೊತ್ತು ಕಡಿಮೆಯಾಗುತ್ತಿರುವುದೂ ಗೊತ್ತಾಗುತ್ತಿತ್ತು. ಹತ್ತೊಂಬತ್ತು ಜಂತಿಗಳನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಎಣಿಸಿದಳು. ಕಿಟಕಿ ತಳ್ಳಿ ನೋಡಿದಳು. ಬಣ್ಣ ಅಂಟಿ ಅದು ಚೌಕಟ್ಟಿಗೆ ಕಚ್ಚಿಕೊಂಡಿತ್ತು.

ಆ ದಿನ ಆಟಕ್ಕೆ ಹೊಸಬರೊಬ್ಬರು ಬಂದಿದ್ದರು. ಬೆಳಗಾವಿಯ ಹಲ್ಲಿನ ಡಾಕ್ಟರು, ಶಂಕರಲಿಂಗ ಅಂತ. ಮಧ್ಯಾಹ್ನದ ಹೊತ್ತಿಗೆ ಅವರು ಕಪ್ತಾನರ ಒಂದು ಟ್ಯಾಂಕು ಸುಟ್ಟಿದ್ದರು, ಅಂದರೆ ದಾಳದಲ್ಲಿ ಗೆದ್ದು ಮೇಜಿನಿಂದ ಎತ್ತಿದ್ದರು. ಎತ್ತಿದ್ದನ್ನು ಬೆಳಕಿಗೆ ಹಿಡಿದರು. ಬಾಯೊಳಗಿನ ಸಣ್ಣ ತೂತು ಹುಡುಕುವ ಕಣ್ಣು ಅವರದು.

"ಖು... ರ್ಷಿ... ದಾ. ಖುರ್ಷಿದಾ! ಕಪ್ತಾನ್ರ, ಯಾರ್ರೀ ಈ ಖುರ್ಷಿದಾ?"

ಒಳಗೆ ಖುರ್ಷಿದಾ ಕುಂಚ ಕೆಳಗಿಟ್ಟಳು. ಕಪ್ತಾನರು ಏನಾದರೂ ಸುಳ್ಳು ಹೇಳುತ್ತಾರೆ ಎಂದುಕೊಂಡಳು. ಹಡಗಿನ ಹೆಸರು ಅಂದಾರು, ಹಳೆಯ ಗೆಳತಿ ಅಂದಾರು. ತಾನೂ ಸುಮ್ಮನಿರುವುದೇ ಎಂದು ನಿಶ್ಚಯ ಮಾಡಿಕೊಂಡಳು. ಉಂಡ ಮನೆ.

"ಖುರ್ಷಿದಾ?" ಕಪ್ತಾನರ ದನಿ. "ಗೊತ್ತಿಲ್ಲ. ಆ ಹೆಸರಿನವರು ಯಾರೂ ನನಗ ಗೊತ್ತಿಲ್ಲ."

"ಇಲ್ನೋಡ್ರಿ, ಇದರ ಮ್ಯಾಲೂ ಐತಿ. ಎಲ್ಲಾದರ ಮ್ಯಾಲೂ ಐತಲ್ರಿ!"

"ಖರೇನ ಗೊತ್ತಿಲ್ಲ, ಡಾಕ್ಟರ್."

ಇದನ್ನು ನನಗೆ ಹೇಳುವಾಗ ಖುರ್ಷಿದಾಳ ದನಿ ಇಳಿಯಿತು. "ಸುಳ್ಳ ಹೇಳಿದ್ರ ನಾ ತಡಕೋತಿದ್ದೆ, ಬಾಯಾರ. ನಾಕ ವರ್ಷದಿಂದ ಅವರ ದನಿ ಕೇಳೇನಿ, ಸುಳ್ಳ ಯಾವದು ಖರೇ ಯಾವದು ತಿಳೀತೈತಿ. ಅವರಿಗೆ ಖರೇನ ಗೊತ್ತಿರಲಿಲ್ರಿ."

ಅವಳು ಎದ್ದು ಬಾಗಿಲು ಬಡಿದಳು.

"ಖುರ್ಷಿದಾ ನಾನ್ರಿ! ಒಳಗ ಅದೇನಿ. ಬಾಗಲಾ ತಗೀರಿ!"

ದಾಳದ ಸದ್ದು ನಿಂತಿತು. ಕುರ್ಚಿಗಳು ಸರಿದವು. ಆಮೇಲೆ ಬಾಗಿಲ ಆಚೆ ಕೀಲಿ ತಡಕಾಡುವ ಸದ್ದು. ಕೀಲಿ ತೂತಿಗೆ ಸೇರುತ್ತಿಲ್ಲ. ಹಿತ್ತಾಳೆಗೆ ಬಡಿಯುತ್ತದೆ, ಜಾರುತ್ತದೆ, ಮತ್ತೆ ಬಡಿಯುತ್ತದೆ. ಆ ಸದ್ದು ಕೇಳುತ್ತ ನಿಂತ ಖುರ್ಷಿದಾಗೆ ಸಿಟ್ಟಿನ ನಡುವೆಯೂ ಕರುಳು ಚುರುಕ್ಕೆಂದಿತು. ಅವಳ ಸ್ವಭಾವವೇ ಹಾಗೆ. ನಾನಾಗಿದ್ದರೆ ಬಾಗಿಲು ಒದೆಯುತ್ತಿದ್ದೆ.

"ಎಡಗೈಲೆ ಮಣಿಕಟ್ಟ ಹಿಡಕೋರಿ ಸಾಹೇಬ್ರ," ಎಂದಳು ಬಾಗಿಲಿಗೆ ಬಾಯಿ ಹತ್ತಿರ ತಂದು. "ಉಸರ ಹಿಡೀರಿ. ಈಗ ಹಾಕ್ರಿ."

ಕೀಲಿ ಸೇರಿತು. ಬಾಗಿಲು ತೆರೆಯಿತು. ಕಪ್ತಾನರು ತಲೆ ತಗ್ಗಿಸಿ ನಿಂತಿದ್ದರು, ಹಿಂದೆ ನಾಲ್ಕೈದು ಗಂಡಸರು, ಡಾಕ್ಟರ ಕೈಯಲ್ಲಿ ಹಳದಿ ಟಾಕಿ. ಖುರ್ಷಿದಾ ಸೆರಗಿಗೆ ಬೆರಳು ಒರೆಸಿಕೊಂಡು ಅವರ ನಡುವಿನಿಂದ ದಾಟಿ ಹೊರಟಳು. ಹಿತ್ತಲಿನ ಕೋಣೆಯಲ್ಲಿ ಅವಳದೆಂದು ಇದ್ದದ್ದು ಒಂದು ಚೀಲ ತುಂಬುವಷ್ಟು ಮಾತ್ರ.

ಅವಳು ಮೆಟ್ಟಿಲು ಇಳಿಯುವಾಗ ಕಪ್ತಾನರು ಹಿಂದಿನಿಂದ ಕರೆದರು. ದನಿಯಲ್ಲಿ ಅಳು ಇತ್ತಂತೆ.

"ಬಾಯಿ, ಇನ್ನಾ ಹನ್ನೆರಡ ಉಳದಾವಲ್ಲ!"

ಮಡಗಾಂವ್‌ನ ಅಂಗಡಿಯಲ್ಲಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ನನ್ನ ಅಂಗೈಗೆ ಮೆಹಂದಿ ಹಾಕುತ್ತ ಖುರ್ಷಿದಾ ಇಷ್ಟನ್ನೂ ಹೇಳಿದಳು. ಇಲ್ಲಿಗೆ ಬಂದಾಗ ಕೋನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನನ್ನ ಹೆಸರ ಕೇಳಿ ಇನ್ನೂ ಹತ್ತ ನಿಮಿಷ ಆಗಿರಲಿಲ್ರಿ, ಬಾಯಾರ. ಆಗಲೇ ಮರತಿದ್ರು."

ಅವಳು ನನ್ನ ಇನ್ನೊಂದು ಕೈ ಹಿಡಿದು ತನ್ನತ್ತ ಎಳೆದುಕೊಂಡಳು.